ಹಳ್ಳ ಕಾಯುವುದು ಚರ್ಚಿನ ಕೆಲಸವಾ?

ಪ್ರಶ್ನೆ: ಸರ್, ನಾನು ಸಕಲೇಶಪುರ ಕಡೆಯವಳು, ನಮ್ಮ ಚರ್ಚಿನ ಯುವಜನ ಸಂಘದ ಕಾರ್ಯದರ್ಶಿ. ಹೋದ ವರ್ಷ ಜೂನ್‌ನಲ್ಲಿ ಚರ್ಚಿನ ಸುತ್ತ ಗಿಡ ನೆಟ್ಟೆವು. ಈ ಸಲ ಹಬ್ಬಕ್ಕೆ ಪ್ಲಾಸ್ಟಿಕ್ ಬೇಡ, ಪಕ್ಕದ ಹಳ್ಳದ ಕಡೆಗೂ ಗಮನ ಕೊಡೋಣ ಅಂತ ಪಾಲನಾ ಪರಿಷತ್ತಿನ ಮೀಟಿಂಗಿನಲ್ಲಿ ಹೇಳಿದೆ. ಹಿರಿಯರೊಬ್ಬರು ಎದ್ದು, 'ಚರ್ಚ್ ಇರುವುದು ಆತ್ಮದ ರಕ್ಷಣೆಗೆ. ಮರ ಗಿಡ ನೋಡಿಕೊಳ್ಳಲು ಫಾರೆಸ್ಟಿನವರಿದ್ದಾರೆ. ಭೂಮಿಯನ್ನು ಆಳಿ ಅಂತ ದೇವರೇ ಮನುಷ್ಯನಿಗೆ ಹೇಳಿದ್ದಾನೆ. ಪ್ರಕೃತಿ ಪೂಜೆ ನಮ್ಮದಲ್ಲ' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಇದು ನಿಜವಾಗಿ ನಮ್ಮ ನಂಬಿಕೆಗೆ ಸೇರಿದ ವಿಷಯವಾ? ಹೌದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೌದಮ್ಮ, ಸೇರಿದ ವಿಷಯವೇ. ನಾನು ಇಪ್ಪತ್ತೈದು ವರ್ಷ ಬೈಬಲ್ ಪಾಠ ಮಾಡಿದವನು, ಮೂಡಿಗೆರೆ ಕಡೆ ಸಣ್ಣದೊಂದು ಕಾಫಿ ತೋಟವೂ ಇದೆ. ಈ ಎರಡು ಕೆಲಸ ಬೇರೆ ಬೇರೆ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಭಾನುವಾರ ಆದಿಕಾಂಡದ ಪಾಠ, ಸೋಮವಾರ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನಿನ ನೀರನ್ನು ಹಳ್ಳಕ್ಕೆ ಬಿಡುವುದು. ಹಾಗೇ ನಡೆದಿತ್ತು. ಆದ್ದರಿಂದ ನಿಮ್ಮ ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಎತ್ತಿದ್ದು ಹಳೆಯ ಪ್ರಶ್ನೆ, ದೊಡ್ಡವರೇ ಎತ್ತಿದ ಪ್ರಶ್ನೆ.

ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಇವತ್ತಿನ ಪರಿಸರ ಹಾಳಾಗುವುದಕ್ಕೆ ಬೇರು ಎಲ್ಲಿದೆ ಅಂತ ಹುಡುಕುತ್ತಾ, ಪಶ್ಚಿಮದ ಕ್ರೈಸ್ತರು ಆದಿಕಾಂಡವನ್ನು ಓದಿಕೊಂಡ ರೀತಿಯಲ್ಲೇ ಇದೆ ಅಂದರು. ಮನುಷ್ಯ ಒಡೆಯ, ಉಳಿದದ್ದೆಲ್ಲ ಅವನ ಉಪಯೋಗಕ್ಕೆ, ಅನ್ನುವ ಓದು ಅದು. ಕ್ರೈಸ್ತರಿಗೆ ಆ ಮಾತು ಚುಚ್ಚಿತು, ವಾದಗಳು ನಡೆದವು, ಇಂದಿಗೂ ನಡೆಯುತ್ತಿವೆ. ಆದರೆ ವೈಟ್ ಕ್ರೈಸ್ತ ಧರ್ಮದ ಶತ್ರುವಾಗಿರಲಿಲ್ಲ. ಅದೇ ಲೇಖನದ ಕೊನೆಯಲ್ಲಿ ಅವರು ಅಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರ ಕೆಲಸ ಮಾಡುವವರ ಪಾಲಕ ಸಂತನನ್ನಾಗಿ ಮಾಡಬೇಕು ಅಂತ ಸೂಚಿಸಿದರು. ಹನ್ನೆರಡು ವರ್ಷದ ಮೇಲೆ, 1979ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಅದನ್ನೇ ಅಧಿಕೃತವಾಗಿ ಘೋಷಿಸಿದರು.

ಈಗ ನಿಮ್ಮ ಹಿರಿಯರು ಹೇಳಿದ ವಚನಕ್ಕೇ ಬರೋಣ. ಆದಿಕಾಂಡ 1:28. ಭೂಮಿಯನ್ನು ವಶ ಮಾಡಿಕೊಳ್ಳಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಅಂತ ಅಲ್ಲಿದೆ, ಇಲ್ಲ ಅನ್ನುವ ಹಾಗಿಲ್ಲ. ಅದನ್ನು ಮೆತ್ತಗೆ ಮಾಡಲು ಹೋಗಬೇಡಿ, ಹೀಬ್ರೂ ಭಾಷೆಯಲ್ಲೂ ಅವು ಗಟ್ಟಿ ಪದಗಳೇ. ಆದರೆ ದೊರೆ ಅಂದರೆ ಬೈಬಲಿನಲ್ಲಿ ಯಾರು? ಅಲ್ಲಿ ಬಳಸಿದ 'ರಾದಾ' ಅನ್ನುವ ಕ್ರಿಯಾಪದ ಯೆಹೆಜ್ಕೇಲನ ಗ್ರಂಥದ 34ನೇ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಅಲ್ಲಿ ದೇವರು ಇಸ್ರಾಯೇಲಿನ ಕುರುಬರನ್ನು, ಅಂದರೆ ನಾಯಕರನ್ನು, ನಿಲ್ಲಿಸಿ ಕೇಳುತ್ತಾನೆ. ಕೊಬ್ಬಿದ್ದನ್ನು ತಿಂದಿರಿ, ಉಣ್ಣೆ ಹೊದ್ದಿರಿ, ಆದರೆ ಸೊರಗಿದ್ದನ್ನು ಬಲಪಡಿಸಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ಕಳೆದದ್ದನ್ನು ಹುಡುಕಲಿಲ್ಲ, ಕ್ರೂರವಾಗಿ ಆಳಿದಿರಿ ಅಂತ. 'ಆಳಿದಿರಿ' ಅನ್ನುವಲ್ಲಿ ಇರುವುದು ಅದೇ ಪದ. ಅಂದ ಮೇಲೆ ಹೇಗಾದರೂ ಆಳಬಹುದು ಅಂತ ದೇವರು ಬಿಟ್ಟುಕೊಟ್ಟಿಲ್ಲ. ಆಳಿದ ಲೆಕ್ಕ ಕೇಳುತ್ತಾನೆ.

ಇನ್ನೊಂದು ಪುಟ ತಿರುಗಿಸಿದರೆ ಆದಿಕಾಂಡ 2:15. ಇದು ನನಗೆ ತುಂಬಾ ಹತ್ತಿರದ ವಚನ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟ, ಯಾಕೆ? ಅದರಲ್ಲಿ ಕೆಲಸ ಮಾಡುವುದಕ್ಕೆ, ಅದನ್ನು ಕಾಯುವುದಕ್ಕೆ. ತೋಟ ಅನ್ನುವ ಪದ ನಮ್ಮ ಕಡೆಯವರ ಕಿವಿಗೆ ಬೇರೆಯೇ ಥರ ಕೇಳುತ್ತೆ, ಅಲ್ವಾ? ಕಾಯುವುದು ಅನ್ನುವುದಕ್ಕೆ ಹೀಬ್ರೂವಿನಲ್ಲಿ 'ಶಾಮರ್'. ಕಾಯಿನನು ತಮ್ಮನನ್ನು ಕೊಂದ ಮೇಲೆ, ನಾನೇನು ನನ್ನ ತಮ್ಮನನ್ನು ಕಾಯುವವನಾ ಅಂತ ಕೇಳುತ್ತಾನಲ್ಲ, ಅಲ್ಲಿರುವುದು ಅದೇ ಪದ. ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ ಅನ್ನುವ 121ನೇ ಕೀರ್ತನೆಯಲ್ಲೂ ಅದೇ. ದೇವರು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಅನ್ನುವ ಅರಣ್ಯಕಾಂಡದ ಆಶೀರ್ವಾದದಲ್ಲೂ ಅದೇ. ನಮ್ಮ ಕನ್ನಡದಲ್ಲಿ ಇದನ್ನು ವಿವರಿಸುವ ಕಷ್ಟವೇ ಇಲ್ಲ. ದನ ಕಾಯುತ್ತೇವೆ, ಗದ್ದೆ ಕಾಯುತ್ತೇವೆ, ದೇವರು ಕಾಯಲಿ ಅಂತಲೂ ಅನ್ನುತ್ತೇವೆ. ಎಲ್ಲದಕ್ಕೂ ಒಂದೇ ಮಾತು. ದೇವರು ನಮ್ಮನ್ನು ಹೇಗೆ ಕಾಯಬೇಕು ಅಂತ ಆಸೆ ಪಡುತ್ತೇವೋ ಹಾಗೆ ತೋಟವನ್ನು ಕಾಯಬೇಕು. ಆ ವಚನ ಕೇಳುವುದು ಅಷ್ಟು.

ಒಡೆತನದ ಬಗ್ಗೆ ಇನ್ನೂ ನೇರವಾದ ಮಾತು ಯಾಜಕಕಾಂಡ 25ರಲ್ಲಿದೆ. ಭೂಮಿ ನನ್ನದು, ನೀವು ನನ್ನ ಹತ್ತಿರ ಬಂದು ಇಳಿದುಕೊಂಡಿರುವವರು ಅನ್ನುತ್ತಾನೆ ದೇವರು. ಗೇಣಿ ಏನೆಂದು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳನೇ ವರ್ಷ ಭೂಮಿಗೂ ವಿಶ್ರಾಂತಿ ಕೊಡಬೇಕು, ಆ ವರ್ಷ ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಪ್ರಾಣಿಗಳಿಗೆ ಅಂತ ವಿಮೋಚನಾಕಾಂಡದಲ್ಲಿ ಇದೆ. ಯುದ್ಧದಲ್ಲಿ ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬೇಡಿ, ಗೂಡಿನಲ್ಲಿ ತಾಯಿ ಹಕ್ಕಿಯನ್ನೂ ಮರಿಯನ್ನೂ ಒಟ್ಟಿಗೆ ಹಿಡಿಯಬೇಡಿ ಅನ್ನುವುದು ಧರ್ಮೋಪದೇಶಕಾಂಡದಲ್ಲಿ. ಇವೆಲ್ಲ ಆತ್ಮದ ರಕ್ಷಣೆಯ ಪುಸ್ತಕದ ಒಳಗೇ ಇರುವ ಮಾತುಗಳು.

ಪ್ರಕೃತಿ ಪೂಜೆ ಅನ್ನುವ ಭಯಕ್ಕೆ ಜಾಸ್ತಿ ಹೊತ್ತು ಬೇಡ. ಸಂತ ಫ್ರಾನ್ಸಿಸ್ ತಮ್ಮ ಹಾಡಿನಲ್ಲಿ ಸೂರ್ಯನನ್ನು ಅಣ್ಣ ಅಂದರು, ನೀರನ್ನು ಅಕ್ಕ ಅಂದರು. ಅಣ್ಣ ಅಕ್ಕ ಅಂದರೆ ಒಂದೇ ತಂದೆಯ ಮಕ್ಕಳು ಅಂತ ಅರ್ಥ. ಅಕ್ಕನನ್ನು ಪೂಜೆ ಮಾಡುವುದಿಲ್ಲ, ಹಾಗಂತ ಅಕ್ಕನ ಮೇಲೆ ಗಲೀಜೂ ಸುರಿಯುವುದಿಲ್ಲ. ಲೋಕ ಹೇಗೂ ಅಳಿದುಹೋಗುತ್ತೆ, ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಓದಿಸಿ. ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಾ ಬಿಡುಗಡೆಗೆ ಕಾಯುತ್ತಿದೆ ಅನ್ನುತ್ತಾನೆ ಪೌಲ. ಹೆರಿಗೆ ನೋವು ಅಂದರೆ ಮುಂದೆ ಏನೋ ಹುಟ್ಟುವುದಿದೆ ಅಂತ.

ಇದೇನು ಹೊಸ ಫ್ಯಾಷನ್ ಅಂತ ಅನ್ನುವವರೂ ಇದ್ದಾರೆ. ಪೋಪ್ ಫ್ರಾನ್ಸಿಸ್ 2015ರಲ್ಲಿ 'ಲೌದಾತೊ ಸಿ' ಅನ್ನುವ, ಪರಿಸರ ಕುರಿತ ವಿಶ್ವಪತ್ರ ಬರೆದಾಗ ಅದು ಸುದ್ದಿಯಾಯಿತು, ನಿಜ. ಆದರೆ ಅದಕ್ಕೂ ಮುಂಚೆ, 1989ರಲ್ಲೇ, ಆರ್ಥೊಡಾಕ್ಸ್ ಸಭೆಯ ಪರಮಗುರು (ಪೇಟ್ರಿಯಾರ್ಕ್) ದಿಮಿತ್ರಿಯೊಸ್ ಸೆಪ್ಟೆಂಬರ್ 1ನೇ ತಾರೀಖನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಅಂತ ಕರೆದಿದ್ದರು. ಈಗ ಆ ದಿನದಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಕಥೋಲಿಕರು, ಆರ್ಥೊಡಾಕ್ಸರು, ಪ್ರೊಟೆಸ್ಟೆಂಟರು ಎಲ್ಲ ಸೇರಿ 'ಸೃಷ್ಟಿಯ ಕಾಲ' ಅಂತ ಆಚರಿಸುತ್ತಾರೆ. ಅದಕ್ಕೂ ಹಿಂದೆ ನೂರಾರು ವರ್ಷ, ಸ್ವರ್ಗಾರೋಹಣ ಹಬ್ಬದ ಹಿಂದಿನ ಮೂರು ದಿನ ಹೊಲಗಳ ಸುತ್ತ ಮೆರವಣಿಗೆ ಹೋಗಿ ಬೆಳೆಗಾಗಿ, ಮಳೆಗಾಗಿ ಪ್ರಾರ್ಥಿಸುವ ಪದ್ಧತಿ ಇತ್ತು.

ಅಷ್ಟು ದೂರ ಯಾಕೆ, ನಮ್ಮ ತೆನೆ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ, ಕೊಂಕಣಿ ಮನೆಗಳಲ್ಲಿ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮರಿಯಮ್ಮನಿಗೆ ಹಾಕುವುದು, ಹೊಸ ತೆನೆಯನ್ನು ಗುರುಗಳು ಆಶೀರ್ವದಿಸುವುದು, ಆ ಭತ್ತದ ನಾಲ್ಕು ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಂಡು ಮೀನು ಮಾಂಸ ಇಲ್ಲದ ಊಟ ಮಾಡುವುದು. ಕರಾವಳಿಯಲ್ಲಿ ಆ ಹೊತ್ತಿಗೆ ತೆನೆ ಬಂದಿರುತ್ತೆ. ಘಟ್ಟದ ಮೇಲೆ ನಮ್ಮ ಭತ್ತ ಆಗಿನ್ನೂ ಹಸಿರು. ಆದರೂ ಜನ ಘಟ್ಟ ಹತ್ತಿ ಬರುವಾಗ ಹಬ್ಬವನ್ನು ಬಿಟ್ಟು ಬರಲಿಲ್ಲ, ಎಲ್ಲಿಂದಲಾದರೂ ತೆನೆ ತರಿಸಿ ಮಾಡಿದರು. ಮಣ್ಣಿಗೂ ಬಲಿಪೀಠಕ್ಕೂ ಇರುವ ನಂಟು ಇಷ್ಟು ಗಟ್ಟಿಯಾಗಿ ನಮ್ಮ ಮನೆಯೊಳಗೇ ಇದೆ, ಅದಕ್ಕೆ ಪರಿಸರ ಅನ್ನುವ ಹೆಸರು ಇರಲಿಲ್ಲ ಅಷ್ಟೆ.

ಇನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಗಿಡ ನೆಡುವುದರಿಂದ ಶುರು ಮಾಡಬೇಡಿ, ನೀರಿನಿಂದ ಶುರು ಮಾಡಿ.

ನಮ್ಮೂರಿನ ಚರ್ಚಿನಲ್ಲೂ ಒಂದು ವರ್ಷ ಜೂನ್ 5ರ ಪರಿಸರ ದಿನಕ್ಕೆ ನೂರು ಗಿಡ ನೆಟ್ಟಿದ್ದೆವು. ಫೋಟೊ ತೆಗೆದೆವು, ಲಡ್ಡು ಹಂಚಿದೆವು. ಜನವರಿಯಿಂದ ಯಾರೂ ನೀರು ಹಾಕಲಿಲ್ಲ, ಬೇಲಿಯೂ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಉಳಿದದ್ದು ಎಂಟೋ ಒಂಬತ್ತೋ. ನಿಮ್ಮ ಗಿಡಗಳು ಹೇಗಿವೆ ಅಂತ ಪತ್ರದಲ್ಲಿ ಬರೆದಿಲ್ಲ, ಮೊದಲು ಹೋಗಿ ಎಣಿಸಿ. ಆದರೆ ನನ್ನ ಮಾತಿಗೆ ಅದೊಂದೇ ಕಾರಣ ಅಲ್ಲ. ಮಲೆನಾಡಿನಲ್ಲಿ ಮರ ನೆಡುವುದಕ್ಕಿಂತ ಇರುವುದನ್ನು ಉಳಿಸುವುದು ದೊಡ್ಡ ಕೆಲಸ, ಮತ್ತು ನಮ್ಮ ಚರ್ಚಿಗೆ ಬರುವ ಜನರ ಕೈಯಲ್ಲಿ ನಿಜವಾಗಿ ಇರುವುದು ಹಳ್ಳ. ತೋಟದ ಮಾಲೀಕರು, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಲೈನ್ ಮನೆಗಳಲ್ಲಿರುವ ಕೆಲಸದವರು, ಕಾಫಿ ವ್ಯಾಪಾರಿಗಳು ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುವ ಜಾಗ ನಮ್ಮ ಕಡೆ ಎಷ್ಟಿದೆ ಹೇಳಿ? ಭಾನುವಾರದ ಪೂಜೆಯಲ್ಲಿ ಕೂರುತ್ತಾರೆ.

ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿದಾಗ ಏನಾಗುತ್ತೆ ಅಂತ ನಿಮಗೆ ಗೊತ್ತು, ಆದರೂ ಬಿಡಿಸಿ ಹೇಳುತ್ತೇನೆ, ಮೀಟಿಂಗಿನಲ್ಲಿ ಹೇಳಲು ಬೇಕಾಗುತ್ತೆ. ಸಿಪ್ಪೆ ಬಿಡಿಸಿದ ಮೇಲೆ ಬೀಜದ ಸುತ್ತ ಸಿಹಿ ಲೋಳೆ ಉಳಿಯುತ್ತೆ. ಅದನ್ನು ಹುಳಿ ಬರಿಸಿ ಅಥವಾ ಮೆಷಿನ್‌ನಲ್ಲಿ ಉಜ್ಜಿ ತೊಳೆಯುತ್ತಾರೆ. ಆ ತೊಳೆದ ನೀರಿನಲ್ಲಿ ಸಕ್ಕರೆ ಅಂಶ ತುಂಬಾ. ಹಳ್ಳಕ್ಕೆ ಹೋದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಒಂದೇ ಸಲ ಹೆಚ್ಚಿ ನೀರಿನೊಳಗಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ನೀರು ಹುಳಿಯಾಗುತ್ತೆ, ಕಪ್ಪಗಾಗುತ್ತೆ, ವಾಸನೆ ಹೊಡೆಯುತ್ತೆ, ಮೀನು ಏಡಿ ಸಾಯುತ್ತವೆ. ಇದರಲ್ಲಿ ಕೆಟ್ಟ ಸಂಗತಿ ಅಂದರೆ ಕಾಲ. ಕೊಯ್ಲು ನಡೆಯುವುದು ನವೆಂಬರಿನಿಂದ ಫೆಬ್ರುವರಿವರೆಗೆ. ಜುಲೈನಲ್ಲಾದರೆ ಹಳ್ಳ ತುಂಬಿ ಹರಿಯುತ್ತೆ, ಏನು ಬಿದ್ದರೂ ಕೊಚ್ಚಿಕೊಂಡು ಹೋಗುತ್ತೆ. ಕೊಯ್ಲಿನ ಹೊತ್ತಿಗೆ ಹಳ್ಳ ಸಣ್ಣಗಾಗಿರುತ್ತೆ. ನೀರು ಕಡಿಮೆ ಇರುವಾಗಲೇ ಗಲೀಜು ಜಾಸ್ತಿ ಬೀಳುವುದು.

ಇದನ್ನು ತಡೆಯುವ ದಾರಿ ಹೊಸದೇನಲ್ಲ. ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ, ತಳಕ್ಕೆ ಹಾಳೆ ಹಾಸಿದ ಹೊಂಡದಲ್ಲಿ ನಿಲ್ಲಿಸುವುದು, ಸುಣ್ಣ ಹಾಕಿ ಹುಳಿ ಇಳಿಸುವುದು, ಅದೇ ನೀರನ್ನು ಮತ್ತೆ ಪಲ್ಪರ್‌ಗೆ ತಿರುಗಿಸುವುದು, ಕಡಿಮೆ ನೀರಿನಲ್ಲಿ ನಡೆಯುವ ಮೆಷಿನ್ ಹಾಕಿಸುವುದು, ಸಿಪ್ಪೆಯನ್ನು ಗೊಬ್ಬರ ಮಾಡುವುದು. ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮವೂ ಇದೆ. ದೊಡ್ಡ ಎಸ್ಟೇಟುಗಳಲ್ಲಿ ಬಹಳಷ್ಟು ಜನ ಮಾಡಿದ್ದಾರೆ. ಕಷ್ಟ ಇರುವುದು ನನ್ನಂಥ ಸಣ್ಣ ಬೆಳೆಗಾರರಿಗೆ. ಎರಡು ಎಕರೆ ಇರುವವನು ಅಷ್ಟು ಖರ್ಚು ಹೇಗೆ ಮಾಡುತ್ತಾನೆ? ಇಲ್ಲೇ ಸಮುದಾಯ ಅನ್ನುವುದು ಕೆಲಸಕ್ಕೆ ಬರಬೇಕು. ಐದಾರು ಮನೆಯವರು ಸೇರಿ ಒಂದೇ ಕಡೆ ಪಲ್ಪಿಂಗ್ ಮಾಡಬಹುದು, ಒಂದೇ ಹೊಂಡ ಸಾಕು. ಅಥವಾ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡಬಹುದು, ಅದಕ್ಕೆ ನೀರೇ ಬೇಡ. ಪಾರ್ಚ್‌ಮೆಂಟಿನ, ಅಂದರೆ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜದ, ರೇಟು ಸಿಗುವುದಿಲ್ಲ, ನಿಜ. ನಾನು ಕೊನೆಗೆ ಪಕ್ಕದವರ ಹೊಂಡಕ್ಕೆ ಸೇರಿಕೊಂಡೆ, ಸಿಮೆಂಟು ಕೂಲಿ ಹಂಚಿಕೊಂಡೆವು. ಅವರು ನಮ್ಮ ಚರ್ಚಿನವರಲ್ಲ, ಬಸವಣ್ಣನ ಭಕ್ತರು. ಹಳ್ಳ ಇಬ್ಬರದ್ದೂ ಅಲ್ವಾ?

ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಯುವಕರಿಗೆ ತೋರಿಸಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ನಿಮ್ಮ ಸಕಲೇಶಪುರವನ್ನು ದಾಟಿ ಗೊರೂರಿನ ಅಣೆಕಟ್ಟಿಗೆ ಸೇರುತ್ತೆ. ಹಾಸನದ ನಲ್ಲಿಗೆ ಬರುವುದು ಆ ನೀರು, ಕಾಲುವೆಯಲ್ಲಿ ತುಮಕೂರಿನವರೆಗೂ ಹೋಗುವುದು ಆ ನೀರು. ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ನಿಂತಿದೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಊರುಗಳು ಎದ್ದು ಹೋದವು, ಚರ್ಚು ಉಳಿಯಿತು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಮೇಲೆ ಬರುತ್ತೆ. ಎಲ್ಲರೂ ಫೋಟೊ ತೆಗೆಯಲು ಹೋಗುತ್ತಾರೆ. ನಾನು ನಿಮ್ಮ ಸಂಘದವರನ್ನು ಬೇರೆ ಕಾರಣಕ್ಕೆ ಅಲ್ಲಿಗೆ ಕರೆದುಕೊಂಡು ಹೋಗಿ ಅನ್ನುತ್ತೇನೆ. ನಮ್ಮ ಮೇಲಿನ ಹಳ್ಳಗಳಲ್ಲಿ ಬಿಟ್ಟಿದ್ದೆಲ್ಲ ಇಳಿದು ಬಂದು ನಿಲ್ಲುವುದು ಆ ಗೋಡೆಗಳ ಬುಡದಲ್ಲಿ. ಇನ್ನೊಬ್ಬರ ಗದ್ದೆಗೆ ನೀರು ಸಿಗಲಿ ಅಂತ ಒಂದು ಕ್ರೈಸ್ತ ಊರು ತನ್ನ ಮನೆ, ಗುಡಿ, ಸಮಾಧಿ ಎಲ್ಲವನ್ನೂ ಬಿಟ್ಟು ಎದ್ದು ಹೋದ ಜಾಗ ಅದು. ಆ ನೀರನ್ನು ಮೇಲಿರುವ ನಾವು ಹುಳಿ ಮಾಡಿ ಕಳಿಸುವುದು ಸರಿಯಾ? ಅಲ್ಲಿ ನಿಂತುಕೊಂಡು ಈ ಪ್ರಶ್ನೆ ಕೇಳಿದರೆ ಸಾಕು, ಬೇರೆ ಪ್ರವಚನ ಬೇಡ.

ಹಿರಿಯರು ಆತ್ಮದ ರಕ್ಷಣೆ ಅಂದರಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ಹಳ್ಳದ ಕೆಳಗೆ ಯಾರ ಮನೆ ಇದೆ ನೋಡಿ. ಹೆಚ್ಚಿನ ಕಡೆ ಲೈನ್ ಮನೆಗಳು. ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು, ಬೋರ್‌ವೆಲ್ ಕೆಟ್ಟರೆ ಅದೇ ನೀರು ಹೊರುವವರು ಅಲ್ಲಿನ ಹೆಂಗಸರು. 'ಲೌದಾತೊ ಸಿ'ಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತೆ ಮತ್ತೆ ಹೇಳುವ ಮಾತು ಇದೇ, ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕು ಅಂತ. ಬಾಯಾರಿದ್ದೆ, ನೀರು ಕೊಟ್ಟೆಯಾ ಅಂತ ಕೊನೆಯ ದಿನ ಕೇಳುತ್ತೇನೆ ಅಂದವನು ಯೇಸು. ನೀರು ಕೊಡುವುದಿರಲಿ, ಇರುವ ನೀರನ್ನು ಕೆಡಿಸಿದೆಯಾ ಅಂತ ಕೇಳಿದರೆ ನಾನೇನು ಹೇಳಲಿ? ಬಹಳ ರಾತ್ರಿ ಇದನ್ನು ಯೋಚಿಸಿದ್ದೇನೆ.

ನೀರಿನ ಮೇಲೆ ಮರದ ಮಾತು. ಸಿಲ್ವರ್ ಓಕ್ ಬಗ್ಗೆ ನಿಮ್ಮ ಚರ್ಚಿನ ಬೆಳೆಗಾರರ ಹತ್ತಿರ ಮೆಲ್ಲಗೆ ಮಾತಾಡಿ. ಅದು ಆಸ್ಟ್ರೇಲಿಯಾದ ಮರ, ಬೇಗ ಬೆಳೆಯುತ್ತೆ, ನೇರ ಕಾಂಡ, ಮೆಣಸಿನ ಬಳ್ಳಿ ಹಬ್ಬಿಸಲು ಸುಲಭ, ಮತ್ತು ಕಡಿಯಲು ಕಾಡುಮರಗಳ ಹಾಗೆ ಅನುಮತಿಯ ತೊಂದರೆ ಇಲ್ಲ. ಹಾಗಾಗಿ ಅತ್ತಿ, ಬಸರಿ, ನೇರಳೆ, ಹಲಸು, ನಂದಿ, ಮತ್ತಿ ಹೋದ ಜಾಗದಲ್ಲೆಲ್ಲ ಅದೇ ಬಂದಿದೆ. ಬೆಳೆಗಾರನನ್ನು ಬೈದು ಪ್ರಯೋಜನ ಇಲ್ಲ, ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಆ ಮರವೇ ಎಷ್ಟೋ ಮನೆಯ ಮದುವೆ ಮಾಡಿಸಿದೆ. ಆದರೆ ಅತ್ತಿ ಮರ ಒಂದಿದ್ದರೆ ಮಂಗಟ್ಟೆ ಹಕ್ಕಿ ಬರುತ್ತೆ, ಕಬ್ಬೆಕ್ಕು ಬರುತ್ತೆ, ಬೇರು ಇಳಿಜಾರನ್ನು ಹಿಡಿದುಕೊಳ್ಳುತ್ತೆ. ಅರೇಬಿಕಾ ತೋಟದಲ್ಲಿ ನೆರಳು ತೆಳುವಾದರೆ ಬಿಳಿ ಕಾಂಡಕೊರಕ ಹುಳು ಜಾಸ್ತಿಯಾಗುತ್ತೆ, ಇದು ಬೆಳೆಗಾರರೇ ಕಂಡದ್ದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜಾರಿ ತೋಟ, ಮನೆ ಹೋದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅಂಥ ಮಳೆಗೆ ಯಾವ ಮರವಿದ್ದರೂ ತಡೆಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೂ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವಾಗ ಹಳ್ಳದ ಎರಡೂ ದಂಡೆಯ ಕಾಡುಮರಗಳನ್ನು ಹಾಗೇ ಬಿಡಿ ಅಂತ ಚರ್ಚಿನಲ್ಲೊಂದು ಮಾತು ಬಂದರೆ ಅದು ಸಣ್ಣ ವಿಷಯ ಅಲ್ಲ.

ಚರ್ಚಿಗೇ ಸೇರಿದ ಜಾಗ ಇರುತ್ತಲ್ಲ, ಮುಖ್ಯವಾಗಿ ಸಮಾಧಿ ಭೂಮಿ, ಅದರ ಬಗ್ಗೆ ಒಂದು ಆಸೆ ನನಗಿದೆ. ಕಾಫಿಯ ತವರು ಇಥಿಯೋಪಿಯಾ. ಅಲ್ಲಿಂದ ಯೆಮನ್‌ಗೆ ಹೋದ ಬೀಜವನ್ನು ಬಾಬಾ ಬುಡನ್ ನಮ್ಮ ಗಿರಿಗೆ ತಂದರು ಅನ್ನುವ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಅದೇ ಇಥಿಯೋಪಿಯಾದ ಉತ್ತರ ಭಾಗದಲ್ಲಿ ಹಳೆಯ ಕಾಡು ಬಹುತೇಕ ಹೋಗಿಬಿಟ್ಟಿದೆ, ಎಲ್ಲ ಹೊಲ, ಹುಲ್ಲುಗಾವಲು. ಉಳಿದಿರುವ ಕಾಡಿನ ತುಂಡುಗಳು ಆರ್ಥೊಡಾಕ್ಸ್ ಚರ್ಚುಗಳ ಸುತ್ತ ಇವೆ. ಮೇಲಿನಿಂದ ತೆಗೆದ ಚಿತ್ರ ನೋಡಿದರೆ ಕಂದು ಹೊಲಗಳ ನಡುವೆ ದುಂಡಗಿನ ಹಸಿರು ಬೊಟ್ಟುಗಳು, ಪ್ರತಿಯೊಂದರ ಮಧ್ಯೆ ಒಂದು ಚರ್ಚಿನ ಚಾವಣಿ. ಚರ್ಚಿನ ಸುತ್ತ ಏದೆನ್ ತೋಟದ ನೆನಪಿಗೆ ಕಾಡು ಇರಲೇಬೇಕು ಅನ್ನುವುದು ಅಲ್ಲಿನವರ ನಂಬಿಕೆ. ದನ ನುಗ್ಗದ ಹಾಗೆ ಊರವರೇ ಹೊಲದ ಕಲ್ಲು ಹೊತ್ತು ತಂದು ಗೋಡೆ ಕಟ್ಟಿದ್ದಾರೆ. ನಮ್ಮ ಪಕ್ಕದ ಊರಿನವರು ದೇವರಕಾಡು ಉಳಿಸಿಕೊಂಡಿದ್ದಾರಲ್ಲ, ಹಾಗೇ. ನಮ್ಮ ಸಮಾಧಿ ಭೂಮಿಗಳನ್ನು ನೋಡಿ, ಹಬ್ಬಕ್ಕೆ ಮುಂಚೆ ಕಳೆನಾಶಕ ಹೊಡೆದು ಬೋಳು ಮಾಡುತ್ತೇವೆ. ಬೇಲಿಯ ಉದ್ದಕ್ಕೆ ಹತ್ತು ಅಡಿ ಬಿಟ್ಟು ಕಾಡುಮರ ಏಳಲು ಬಿಡಬಹುದು. ನೆಡಲೂ ಬೇಕಾಗಿಲ್ಲ, ಹಕ್ಕಿಗಳೇ ತಂದು ಹಾಕುತ್ತವೆ. ನಾವು ಲಂಟಾನ ಕಳೆ ಕಿತ್ತು, ದನ ಬಿಡದಿದ್ದರೆ ಸಾಕು.

ಚರ್ಚಿನ ಚಾವಣಿಯನ್ನೂ ಮರೆಯಬೇಡಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಚಾವಣಿ 300 ಚದರ ಮೀಟರ್, ವರ್ಷದ ಮಳೆ 2000 ಮಿ.ಮೀ. ಅಂತ ಇಟ್ಟುಕೊಳ್ಳಿ, 6 ಲಕ್ಷ ಲೀಟರ್ ಆಯಿತು. ಚೆಲ್ಲಿದ್ದು ಆವಿಯಾದದ್ದು ಕಳೆದರೂ ಬಾವಿ ಪಕ್ಕದ ಇಂಗುಗುಂಡಿಗೆ ಬೇಕಾದಷ್ಟು ಸಿಗುತ್ತೆ.

ಹಬ್ಬದ ಪ್ಲಾಸ್ಟಿಕ್ ವಿಷಯ ಸುಲಭ, ಅದಕ್ಕೆ ಕಾನೂನಿನ ಬಲವೂ ಇದೆ. ಪ್ಲಾಸ್ಟಿಕ್ ತಟ್ಟೆ ಲೋಟ, ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿವೆ. 2022ರ ಜುಲೈ 1ರಿಂದ ದೇಶದ ಎಲ್ಲ ಕಡೆ ಒಂದೇ ಸಲ ಬಳಸುವ ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ, ಅಲಂಕಾರದ ಥರ್ಮಾಕೋಲ್ ಎಲ್ಲ ನಿಷೇಧ. ನಾನು ಕಂಡ ಒಂದು ಚರ್ಚಿನಲ್ಲಿ ವರ್ಷದ ಹಬ್ಬದ ಮರುದಿನ ಸಮಾಧಿ ಗೋಡೆಯ ಹಿಂದೆ ಎಲ್ಲವನ್ನೂ ಗುಡ್ಡೆ ಹಾಕಿ ಬೆಂಕಿ ಕೊಡುತ್ತಿದ್ದರು, ಆ ಹೊಗೆ ಪಕ್ಕದ ಶಾಲೆಯ ಮಕ್ಕಳಿಗೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಚರ್ಚಿನದ್ದೇ ಅಂತ 300 ಸ್ಟೀಲ್ ತಟ್ಟೆ ಲೋಟ ತೆಗೆದಿಡಿ, ತೀರಿಹೋದವರ ನೆನಪಿಗೆ ಅಂತ ಕೇಳಿದರೆ ಮನೆಗೆ ಹತ್ತರ ಹಾಗೆ ಕೊಡುತ್ತಾರೆ. ಮದುವೆ, ತಿಂಗಳ ಪೂಜೆ, ಎಲ್ಲದಕ್ಕೂ ಆಗುತ್ತೆ. ಸಾಲದಿದ್ದರೆ ಅಡಿಕೆ ಹಾಳೆ ತಟ್ಟೆ, ಬಾಳೆ ಎಲೆ. ಕ್ರಿಸ್‌ಮಸ್ ಗೋದಲಿಗೆ ಥರ್ಮಾಕೋಲ್ ಬೇಡ ಅಂದ ಕೂಡಲೇ ಹುಡುಗರು ಕಾಡಿಗೆ ಹೋಗಿ ಮರದ ಪಾಚಿಯನ್ನೆಲ್ಲ ಕಿತ್ತು ತರುತ್ತಾರೆ, ಅದನ್ನೂ ಬೇಡ ಅನ್ನಿ. ಆ ಪಾಚಿ ಬೆಳೆಯಲು ವರ್ಷಗಳು ಬೇಕು. ಡಿಸೆಂಬರ್ ಎರಡನೇ ವಾರ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದರೆ ಹಬ್ಬಕ್ಕೆ ಸರಿಯಾಗಿ ಹಸಿರು ಗದ್ದೆ ಸಿದ್ಧ. ನಮ್ಮ ಅಮ್ಮಂದಿರು ಮಾಡುತ್ತಿದ್ದದ್ದು ಅದೇ.

ಸಕಲೇಶಪುರ, ಆಲೂರು ಕಡೆಯವರಿಗೆ ಆನೆಯ ವಿಷಯ ಹೇಳದೆ ಇರಲಾರೆ. ಆನೆ ಹೊಟ್ಟೆಪಾಡಿಗೆ ತೋಟಕ್ಕೆ ಬರುತ್ತೆ, ಸಾಯುವುದು ಬೆಳಗಿನ ಜಾವ ನಡೆದು ಹೋಗುವ ಕೆಲಸದವರು. ನಿಮ್ಮ ಚರ್ಚಿನಲ್ಲಿ ಬೆಳಿಗ್ಗೆ ಆರಕ್ಕೆ ಪೂಜೆ ಇದ್ದರೆ, ಜನ ಕತ್ತಲಲ್ಲಿ ತೋಟದ ದಾರಿಯಲ್ಲಿ ಬರುತ್ತಿದ್ದರೆ, ಫಾದರ್ ಹತ್ತಿರ ಮಾತಾಡಿ ಹೊತ್ತೇರಿದ ಮೇಲೆ ಇಟ್ಟುಕೊಳ್ಳಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆ ಕಳಿಸುವ ಮೆಸೇಜನ್ನು ಚರ್ಚಿನ ವಾಟ್ಸಾಪ್ ಗುಂಪಿಗೂ ಹಾಕಿ, ಮೊಬೈಲ್ ಇಲ್ಲದವರ ಮನೆಗೆ ಚರ್ಚಿನ ವಾರ್ಡು ನೋಡಿಕೊಳ್ಳುವ ಗುರಿಕಾರರು ಹೋಗಿ ಹೇಳಲಿ. ಎ ರೋಚಾ ಅನ್ನುವ ಕ್ರೈಸ್ತ ಪರಿಸರ ಸಂಸ್ಥೆ, 1983ರಲ್ಲಿ ಪೋರ್ಚುಗಲ್‌ನಲ್ಲಿ ಹುಟ್ಟಿದ್ದು, ಬನ್ನೇರುಘಟ್ಟದ ಕಾಡಂಚಿನಲ್ಲಿ ರೈತರ ಜೊತೆ ಇದೇ ಆನೆ ವಿಷಯದಲ್ಲಿ ಕೆಲಸ ಮಾಡಿದೆ. ಹಾಗಾಗಿ ಚರ್ಚಿಗೂ ಆನೆಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ಹೇಳಲು ಉದಾಹರಣೆ ಇದೆ.

ಇಷ್ಟೆಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಬೇಡಿ. ಒಂದು ಹಳ್ಳ ಹಿಡಿದುಕೊಳ್ಳಿ. ಕೊಯ್ಲು ಶುರುವಾಗುವ ಮುಂಚೆ, ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಒಂದು ಭಾನುವಾರ, ಪೂಜೆ ಮುಗಿಸಿ ಅದರ ಒರತೆಯಿಂದ ಕೆಳಗೆ ಎರಡು ಮೈಲಿ ನಡೆದು ಬನ್ನಿ. ಯಾರ ತೋಟ, ಎಲ್ಲಿ ಪೈಪು, ಎಲ್ಲಿ ಕಸ, ಎಲ್ಲಿ ಮೀನು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಜನವರಿಯಲ್ಲಿ ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಿರಿ. ಯಾರ ಹೆಸರನ್ನೂ ಮೀಟಿಂಗಿನಲ್ಲಿ ಎತ್ತಬೇಡಿ. ಮನೆಗೆ ಹೋಗಿ ಕಾಫಿ ಕುಡಿದು ಮಾತಾಡಿ.

ಮೊದಲ ಮನೆ ಆ ಹಿರಿಯರದ್ದೇ ಆಗಲಿ. ವಚನ ತೆಗೆದುಕೊಂಡು ಹೋಗಬೇಡಿ. ಚಿಕ್ಕವರಿದ್ದಾಗ ತೆನೆ ಹಬ್ಬಕ್ಕೆ ಯಾವ ಯಾವ ಹೂ ಕೊಯ್ದು ತರುತ್ತಿದ್ದಿರಿ, ಎಲ್ಲಿಂದ ತರುತ್ತಿದ್ದಿರಿ ಅಂತ ಕೇಳಿ. ಹಡ್ಲು ಗದ್ದೆಯ ಬದುವಿನ ಹೂ, ಹಳ್ಳದ ದಂಡೆಯ ಹೂ, ಬೇಲಿಯ ಹೂ, ಒಂದೊಂದರ ಹೆಸರನ್ನೂ ಹೇಳುತ್ತಾರೆ, ನೋಡಿ ಬೇಕಾದರೆ. ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಆಮೇಲೆ, ಅಕ್ಟೋಬರಿನಲ್ಲಿ ನಾವು ಹಳ್ಳದ ಕಡೆ ಹೋಗುತ್ತೇವೆ, ಆ ಜಾಗಗಳನ್ನು ತೋರಿಸಲು ನೀವೂ ಬರುತ್ತೀರಾ ಅಂತ ಕರೆಯಿರಿ. ಕಾಲುನೋವಿದ್ದರೆ ಜೀಪು ಹೋಗುವಷ್ಟು ದೂರ ಜೀಪಿನಲ್ಲಿ ಕರೆದುಕೊಂಡು ಹೋಗಿ.